ಮೂರನೇ ಕುಂಡ

ಗುಮಾಸ್ತರ ಕಾಲಿನ ಆಣಿ ಅಂದು ಬೆಳಿಗ್ಗೆ ನೋಯದೆ ಇದ್ದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಭಗವಂತ ತನ್ನ ದೊಡ್ಡ ಲೀಲೆಗಳನ್ನೆಲ್ಲ ಚಿಕ್ಕ ಚಿಕ್ಕ ವಸ್ತುಗಳ ಕೈಯಲ್ಲಿ ಮಾಡಿಸುತ್ತಾನೆ. ಅಂದು ಅವನ ಕೃಪಾದೃಷ್ಟಿ ಬಿದ್ದದ್ದು ಒಂದು ಕಾಲ್ಬೆರಳಿನ ಮೇಲೆ.

"ಎಲೆಯಣ್ಣ, ನಿನ್ನ ಬ್ಲೇಡು ಕೊಡಪ್ಪ, ಒಂದೇ ನಿಮಿಷ," ಎನ್ನುತ್ತ ಗುಮಾಸ್ತರು ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕೊಕ್ಕರೆಯ ಹಾಗೆ ಕುಂಟಿಕೊಂಡು ಪ್ರಯೋಗಾಲಯದೊಳಕ್ಕೆ ಬಂದರು.

"ಅದು ಕಚೇರಿ ಬ್ಲೇಡು ಸಾರ್. ಜೆಲ್ ಕತ್ತರಿಸೋಕಿರೋದು."

"ಈ ಕಾಲೂ ಕಚೇರೀದೇ ಕಣಯ್ಯ. ಮೂವತ್ತು ವರ್ಷ ಇಲ್ಲೇ ಸವೆಸಿದೀನಿ," ಎಂದ ಗುಮಾಸ್ತರು ಬ್ಲೇಡನ್ನು ತಾವೇ ಎತ್ತಿಕೊಂಡು ಹೊರಟುಹೋದರು.

ಎಲೆಯಣ್ಣ ಎಂಬುದು ಅವನಿಗೆ ತಂದೆ ತಾಯಿ ಇಟ್ಟ ಹೆಸರಲ್ಲ. ದ್ವಿದಳ ಧಾನ್ಯಗಳ ಸಂಶೋಧನಾ ಕೇಂದ್ರದಲ್ಲಿ ಅವನು ಹನ್ನೊಂದು ವರ್ಷದಿಂದ ಸಹಾಯಕ. ಬೆಳಗಾದರೆ ಗಿಡದಿಂದ ಗಿಡಕ್ಕೆ ಹೋಗಿ, ಎಲೆಯ ಅಂಚಿನಲ್ಲಿ ಬಟ್ಟೆಗುಂಡಿಯಷ್ಟು ಚೂರನ್ನು ಕತ್ತರಿಸಿ, ಪುಟ್ಟ ಕೊಳವೆಗೆ ತುಂಬಿಕೊಂಡು ಬರುವುದು ಅವನ ಕೆಲಸ. ನೌಕರರ ವಸತಿಯ ಹೆಂಗಸರು ಇದನ್ನು ನೋಡಿ ನೋಡಿ ಅವನಿಗೆ ಆ ಹೆಸರನ್ನು ದಯಪಾಲಿಸಿದ್ದರು. ಈಗ ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅವನ ನಿಜವಾದ ಹೆಸರು ಉಳಿದಿರಲಿಲ್ಲ.

ಅಲಸಂದೆ ಬೆಳೆಗೆ ಹಳದಿ ರೋಗ ಬರುತ್ತದೆ. ಬಿಳಿ ನೊಣವೊಂದು ಈ ಗಿಡದ ರಸ ಹೀರಿ ಆ ಗಿಡದ ಮೇಲೆ ಕೂರುವಷ್ಟರಲ್ಲಿ ವೈರಸ್ಸೂ ಜೊತೆಗೆ ಪ್ರಯಾಣ ಮಾಡಿರುತ್ತದೆ. ತಿಂಗಳೊಳಗೆ ಹೊಲಕ್ಕೆ ಹೊಲವೇ ಅರಿಶಿನ ಎರಚಿದಂತೆ ಆಗುತ್ತದೆ. ಆದರೆ ಕಾಡಿನಲ್ಲಿ ಯಾರ ಆರೈಕೆಯೂ ಇಲ್ಲದೆ ಹಬ್ಬುವ ಕಾಡು ಅಲಸಂದೆಗೆ ಈ ರೋಗ ತಾಗುವುದೇ ಇಲ್ಲ. ಆ ಕಾಡುಗುಣವನ್ನು ಹೊಲದ ಅಲಸಂದೆಗೆ ತರಬೇಕೆಂದು ಕೇಂದ್ರದ ದೊಡ್ಡ ಮೇಡಂ ಎಂಟು ವರ್ಷ ತಪಸ್ಸು ಮಾಡಿದ್ದರು. ಎರಡನ್ನೂ ಕೂಡಿಸಿ, ಮತ್ತೆ ಕೂಡಿಸಿ, ನೂರಾರು ಹೂವು ಉದುರಿಸಿಕೊಂಡು ಕೊನೆಗೆ ಕೈಗೆ ಬಂದದ್ದು ಇಪ್ಪತ್ತೇ ಬೀಜ. ಇಪ್ಪತ್ತು ಬೀಜಕ್ಕೆ ಇಪ್ಪತ್ತು ಕುಂಡ. ಒಂದೇ ತಾಯಿಯ ಮಕ್ಕಳಾದರೂ ಎಲ್ಲರ ಗುಣವೂ ಒಂದಾಗಿರುವುದಿಲ್ಲವಲ್ಲ? ಅಜ್ಜನ ಕಾಡುಗುಣ ಯಾವ ಮೊಮ್ಮಗುವಿಗೆ ಬಂದಿದೆ ಎಂದು ತಿಳಿಯಬೇಕಿತ್ತು. ರೋಗ ಬರಿಸಿ ನೋಡೋಣವೆಂದರೆ ಇರುವ ಇಪ್ಪತ್ತೂ ಸತ್ತಾವು. ಅದಕ್ಕಾಗಿ ಎಲೆಯ ಡಿಎನ್ಎಯಲ್ಲಿ ಒಂದು ಗುರುತನ್ನು ಹುಡುಕುತ್ತಿದ್ದರು. ಸಂತೆಯಲ್ಲಿ ಕಳೆದ ಮಗುವನ್ನು ಕಿವಿಯ ಹಿಂದಿನ ಮಚ್ಚೆಯಿಂದ ತಾಯಿ ಪತ್ತೆ ಹಚ್ಚುವುದಿಲ್ಲವೆ, ಹಾಗೆ.

ಅಂದು ಸಂಜೆ ನಾಲ್ಕಕ್ಕೆ ಪರಿಶೀಲನಾ ಸಮಿತಿ ಬರುವುದಿತ್ತು. ಗುರುತು ಇರುವ ಒಂದೇ ಒಂದು ಗಿಡ ತೋರಿಸಿದರೂ ಯೋಜನೆ ಉಳಿಯುತ್ತದೆ, ಎಲೆಯಣ್ಣನ ಕೆಲಸ ಖಾಯಂ ಆಗುತ್ತದೆ. ಇಲ್ಲವಾದರೆ ಪ್ರಯೋಗಾಲಯ ಹೂವಿನ ವಿಭಾಗಕ್ಕೆ, ಎಲೆಯಣ್ಣ ಬೀಜದ ಗೋದಾಮಿಗೆ. ಗೋದಾಮಿಗೆ ಹೋದವರು ಯಾರೂ ಮೊದಲಿನಂತೆ ತಿರುಗಿ ಬಂದಿರಲಿಲ್ಲ. ಹಿಂದೆ ಅಲ್ಲಿದ್ದವನು ನಿವೃತ್ತನಾಗಿ ನಾಲ್ಕು ವರ್ಷವಾದರೂ ಮಾತಿಗೊಮ್ಮೆ ಸೀನುತ್ತಿದ್ದ.

ಹಿಂದಿನ ವಾರ ತಂದಿದ್ದ ಎಲೆಚೂರುಗಳಿಂದ ಇಪ್ಪತ್ತು ಗಿಡಗಳ ಡಿಎನ್ಎ ತೆಗೆದು, ಅದನ್ನು ಜೆಲ್ಲಿನ ಇಪ್ಪತ್ತು ಗುಳಿಗಳಿಗೆ ತುಂಬಿ, ವಿದ್ಯುತ್ ಹರಿಸಿ ಆಗಿತ್ತು. ಗುರುತು ಇರುವ ಗಿಡದ ಸಾಲಿನಲ್ಲಿ ಮಾತ್ರ ಒಂದು ಗೆರೆ ಮೂಡಬೇಕು. ಜೆಲ್ ಎಂದರೆ ಅಂಗೈ ಅಗಲದ, ಗಂಜಿ ಹೆಪ್ಪುಗಟ್ಟಿದಂಥ ಮೆತ್ತನೆಯ ಹಲಗೆ. ಅದರ ಎರಡು ತುದಿಗೂ ಅಳತೆಗೆಂದು ಒಂದೊಂದು ಗೆರೆಸಾಲು ಇರುತ್ತದೆ. ತಟ್ಟೆಯಿಂದ ತೆಗೆಯುವ ಮೊದಲು, ಒಂದನೇ ಗಿಡ ಇರುವ ಕಡೆಯ ಮೂಲೆಯನ್ನು ಬ್ಲೇಡಿನಿಂದ ಕತ್ತರಿಸಬೇಕೆಂಬುದು ಮೇಡಂ ಹಾಕಿದ ನಿಯಮ. ಎಲೆಯಣ್ಣನ ಪಾಲಿಗೆ ಅದು ಹಿರಿಯರು ಮಾಡಿಕೊಂಡು ಬಂದ ಆಚಾರ; ಏಕೆ ಎಂದು ಕೇಳಿದವನಲ್ಲ, ಒಂದು ದಿನ ತಪ್ಪಿಸಿದವನೂ ಅಲ್ಲ. ಇಂದು ಬ್ಲೇಡು ಗುಮಾಸ್ತರ ಕಾಲಿನ ಸೇವೆಯಲ್ಲಿತ್ತು.

ಒಂದು ದಿನ ತಪ್ಪಿದರೆ ಏನು ಮಹಾ ಎಂದುಕೊಂಡು ಅವನು ಜೆಲ್ಲನ್ನು ಎತ್ತಿದ. ಅದು ಹಿಡಿದ ಮೀನಿನಂತೆ ಸರಕ್ಕನೆ ಜಾರಿತು, ಗಾಳಿಯಲ್ಲೇ ಒಂದು ಪಲ್ಟಿ ಹೊಡೆಯಿತು. ಎರಡೂ ಕೈ ಚಾಚಿ ಹಿಡಿದುಕೊಂಡ ಎಲೆಯಣ್ಣ, ಒಡೆಯಲಿಲ್ಲವಲ್ಲ ಎಂದು ದೇವರನ್ನು ನೆನೆದು ಅದನ್ನು ದೀಪದ ಪೆಟ್ಟಿಗೆಯ ಮೇಲೆ ಮಲಗಿಸಿ ಚಿತ್ರ ತೆಗೆದ.

ಮೇಡಂ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊದಲು ಅವರ ಕನ್ನಡಕ ಹಣೆಗೇರಿತು, ಆಮೇಲೆ ಹುಬ್ಬು ಏರಿತು.

"ಇವರೇ, ನೋಡಿ ಇಲ್ಲಿ! ಒಂದು ಬಂದಿದೆ!"

ಹತ್ತೊಂಬತ್ತು ಸಾಲು ಬರಿದು. ಎಡಗಡೆಯಿಂದ ಮೂರನೆಯದರಲ್ಲಿ ಮಾತ್ರ ಒಂದು ಗೆರೆ, ಕತ್ತಲೆಯ ಮನೆಯಲ್ಲಿ ಹಚ್ಚಿಟ್ಟ ದೀಪದಂತೆ.

"ಮೂಲೆ ಕತ್ತರಿಸಿದ್ರಿ ತಾನೆ?"

"ಅದಿಲ್ದೆ ಇರುತ್ತಾ ಮೇಡಂ?" ಎಂದ ಎಲೆಯಣ್ಣ. ಅಷ್ಟು ಸಂತೋಷದ ಹೊತ್ತಿನಲ್ಲಿ ಇಷ್ಟು ಚಿಕ್ಕ ಸುಳ್ಳು ದೇವರ ಲೆಕ್ಕಕ್ಕೂ ಬರಲಾರದು ಎಂದು ಅವನಿಗೆ ಅನಿಸಿತು.

"ಹಾಗಾದ್ರೆ ಓಡಿ. ಮೂರನೇ ಕುಂಡ ತನ್ನಿ. ಸಮಿತಿಯವರು ಬರೋದ್ರೊಳಗೆ ಇನ್ನೊಂದು ಸಲ ಪರೀಕ್ಷೆ ಮಾಡಿಬಿಡೋಣ."

ಎಲೆಯಣ್ಣ ಓಡಿದ. ಆದರೆ ಕುಂಡಗಳು ಇರಬೇಕಾಗಿದ್ದ ಬಲೆಮನೆಯ ಕಡೆಗಲ್ಲ, ತನ್ನ ಮನೆಯ ಕಡೆಗೆ. ಎರಡು ವಾರದ ಹಿಂದೆ ಗಾಳಿಗೆ ಬಲೆಮನೆಯ ಬಲೆ ಹರಿದಿತ್ತು. ಬಿಳಿ ನೊಣ ನುಗ್ಗೀತೆಂಬ ಭಯದಿಂದ ಅವನು ಯಾರಿಗೂ ಹೇಳದೆ ಇಪ್ಪತ್ತು ಕುಂಡಗಳನ್ನೂ ಮನೆಯ ಜಗಲಿಗೆ ಸಾಗಿಸಿ, ಹಾಸಿಗೆಗೆ ಕಟ್ಟಿದ್ದ ಸೊಳ್ಳೆ ಪರದೆಯನ್ನು ಬಿಚ್ಚಿ ಅವುಗಳಿಗೆ ಕಟ್ಟಿದ್ದ.

"ಬಂದ್ರಾ ಮಕ್ಕಳನ್ನ ನೋಡೋಕೆ?" ಎಂದಳು ಹೆಂಡತಿ, ಮೊಣಕೈ ಕೆರೆದುಕೊಳ್ಳುತ್ತ. "ಗಿಡಕ್ಕೆ ಪರದೆ, ಹೆಂಡತಿಗೆ ಸೊಳ್ಳೆ. ಹೀಗೂ ಒಂದು ಸಂಸಾರ."

ಎಲೆಯಣ್ಣನಿಗೆ ಅದು ಕೇಳಿಸಲೇ ಇಲ್ಲ. ಪರದೆಯೊಳಗೆ ತಲೆ ತೂರಿಸಿ ಎಣಿಸುತ್ತಿದ್ದ. ಒಂದು, ಎರಡು, ನಾಲ್ಕು. ಮತ್ತೆ ಎಣಿಸಿದ. ಒಂದು, ಎರಡು, ನಾಲ್ಕು.

"ಅಯ್ಯೋ, ಮೂರು ಎಲ್ಲೇ?"

"ಏನು ಹುಡುಕ್ತಿದೀರಾ ಅಳಿಯಂದ್ರೇ?" ಒಳಗಿನಿಂದ ಅತ್ತೆ ಬಂದರು. ಅವರು ಬಂದು ಒಂದು ತಿಂಗಳಾಗಿತ್ತು. ಎಲ್ಲವನ್ನೂ ಎಲ್ಲರಿಗೂ ಹಂಚುವುದು ಅವರ ಜೀವನದ ವ್ರತ. "ಒಂದು ಕುಂಡಾನಾ? ಪರದೇಲಿ ತೂತು ಬಿದ್ದಿತ್ತು. ಹಿಂದಿನ ಮನೆ ಟೈಲರಮ್ಮ ಹೊಲಿದುಕೊಟ್ಲು. ಬರಿಗೈಲಿ ಕಳಿಸೋಕಾಗುತ್ತಾ? ಇಪ್ಪತ್ತಿದ್ವಲ್ಲ, ಒಂದು ಕೊಟ್ಟೆ."

"ಅತ್ತೆ, ಇಪ್ಪತ್ತರಲ್ಲಿ ಅದೊಂದೇ ಗಿಡ! ಉಳಿದಿದ್ದೆಲ್ಲ ಬರೀ ಸೊಪ್ಪು!"

"ಹಂಗಂತ ಚೀಟಿ ಅಂಟಿಸಿರಬೇಕಿತ್ತಪ್ಪ."

ಅವನು ಮೆಟ್ಟಿಲಿಳಿಯುತ್ತಿದ್ದಂತೆ ಅತ್ತೆ ಕೂಗಿದರು: "ನಿಲ್ಲಿ, ನಿಲ್ಲಿ! ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬರಿಗೈಲಿ ಹೋಗ್ತಾರಾ? ನಮ್ಮ ಮರ್ಯಾದೆ ಏನಾಗ್ಬೇಕು? ಬದಲಿಗೆ ಮೂರು ಕುಂಡ ಇಟ್ಕೊಳ್ಳಿ. ಆ ಟೈಲರಮ್ಮನ ಬಾಯಿ ನಿಮಗೆ ಗೊತ್ತಿಲ್ಲ."

ಅದೂ ಸರಿಯೆನಿಸಿತು. ಹೇಗೂ ಇವು ಇನ್ನು ಬರಿಯ ಸೊಪ್ಪು. ಚೆನ್ನಾಗಿ ಬೆಳೆದಿದ್ದ ಒಂಬತ್ತನೆಯದು, ಪರವಾಗಿಲ್ಲ ಎನ್ನುವಂತಿದ್ದ ಹದಿನಾಲ್ಕನೆಯದು, ಮೂಲೆಯಲ್ಲಿ ಮುರುಟಿಕೊಂಡಿದ್ದ ಹದಿನೆಂಟನೆಯದು, ಮೂರನ್ನೂ ಬುಟ್ಟಿಯಲ್ಲಿಟ್ಟುಕೊಂಡ. ಹದಿನೆಂಟನೆಯದು ನೋಡುವುದಕ್ಕೇ ದರಿದ್ರವಾಗಿತ್ತು. ಹೆಣಿಗೆ ಬಿಚ್ಚಿದ ದಾರದಂಥ ಬಳ್ಳಿ, ಇಲಿಯ ಕಿವಿಯಷ್ಟು ಎಲೆ, ಬೆಂಕಿಕಡ್ಡಿಯಂಥ ಎರಡು ಕರಿಯ ಕಾಯಿ.

ಟೈಲರಮ್ಮ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಯಂತ್ರ ತುಳಿಯುತ್ತಿದ್ದಳು. ಬುಟ್ಟಿ ಕಂಡದ್ದೇ ಒಂದೊಂದಾಗಿ ಸೂಜಿಗಳನ್ನು ತೆಗೆದು ದಿಂಬಿಗೆ ಚುಚ್ಚಿ, ಒಂಬತ್ತನೆಯ ಕುಂಡವನ್ನು ಎತ್ತಿ ಕಿಟಕಿಯಲ್ಲಿಟ್ಟು, ದೂರ ನಿಂತು ನೋಡಿ, ಇನ್ನಷ್ಟು ಬಲಕ್ಕೆ ಸರಿಸಿ, ಆಮೇಲೆ ಕೇಳಿದಳು:

"ಏನ್ ಬಂದ್ರಿ ಎಲೆಯಣ್ಣ?"

"ಅತ್ತೆ ಕೊಟ್ಟ ಕುಂಡ ವಾಪಸ್ ಬೇಕಿತ್ತಮ್ಮ. ಬದಲಿಗೆ ಇದು."

"ಅದಾ? ಅದನ್ನ ಆಗ್ಲೇ ಪೋಸ್ಟ್‌ಮಾಸ್ಟರಿಗೆ ಕೊಟ್ಟೆನಲ್ಲ!"

"ಹಾಗಾದ್ರೆ ಇದನ್ನ..." ಎಂದು ಅವನು ಕಿಟಕಿಯ ಕಡೆ ಕೈ ಚಾಚಿದ.

"ಅಂಗೈಲಿಟ್ಟ ಮೇಲೆ ಕಿತ್ಕೋತಾರಾ?" ಎಂದಳು ಟೈಲರಮ್ಮ, ಸೂಜಿಗಳನ್ನು ಮತ್ತೆ ಬಾಯಿಗಿಡುತ್ತ. ಮಾತುಕತೆ ಅಲ್ಲಿಗೆ ಮುಗಿಯಿತು.

ನಿವೃತ್ತ ಪೋಸ್ಟ್‌ಮಾಸ್ಟರು ಬಾಗಿಲು ತೆರೆದು, ಹದಿನಾಲ್ಕನೆಯ ಕುಂಡವನ್ನು ಅಂಗೈಯಲ್ಲಿ ತೂಗಿ ನೋಡಿದರು. ನಲವತ್ತು ವರ್ಷದ ಅಭ್ಯಾಸ.

"ಎಂಟುನೂರು ಗ್ರಾಂ. ಯಾರಿಂದ?"

"ನನ್ನಿಂದ ಸಾರ್. ನಿಮ್ಮ ಹತ್ರ ಇರೋ ಕುಂಡ ಕೊಟ್ಟುಬಿಡಿ, ಇದು ನಿಮಗೆ."

"ಅದು ಇಲ್ಲಿಲ್ಲ. ನನ್ನ ಕಿಟಕಿಗೆ ಬಿಸಿಲು ಬರಲ್ಲ ಅಂತ ಇವತ್ತು ಬೆಳಿಗ್ಗೆ ಎಂಟೂವರೆಗೆ ಮೇಕೆ ಅಜ್ಜಿ ಅಂಗಳಕ್ಕೆ ರವಾನೆ ಮಾಡಿದೆ."

"ಮೇಕೆ ಅಜ್ಜಿಗಾ!" ಎಲೆಯಣ್ಣ ಆಗಲೇ ಮೆಟ್ಟಿಲ ಕಡೆ ತಿರುಗಿದ.

"ಯಾಕೆ? ಸರಿಯಾದ ವಿಳಾಸಕ್ಕೇ ತಲುಪಿದೆ. ಇರು, ಈ ಕುಂಡಕ್ಕೆ ರಸೀದಿ ಬರೆದುಕೊಡ್ತೀನಿ."

ರಸೀದಿ ಬರೆಯಲು ಹತ್ತು ನಿಮಿಷ ಬೇಕಾಯಿತು, ಅದಕ್ಕೆ ಎಲೆಯಣ್ಣನ ರುಜು ಬೇಕಾಯಿತು, ರುಜುವಿನ ಕೆಳಗೆ ತಾರೀಖು ಬೇಕಾಯಿತು. ಹದಿನೆಂಟನೆಯ ಕುಂಡವೊಂದೇ ಉಳಿದ ಬುಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನು ಬೀದಿಯ ತುದಿಗೆ ಓಡಿದ.

ಅಜ್ಜಿಯ ಅಂಗಳದ ಮೋಟುಗೋಡೆಯ ಮೇಲೆ ಮೂರನೇ ಕುಂಡ ಬಿಸಿಲು ಕಾಯಿಸುತ್ತಿತ್ತು. ಒಂದು ಕಿವಿ ಮೊಟಕಾದ ಕಂದು ಮೇಕೆಯೊಂದು ಮುಂಗಾಲೆರಡನ್ನೂ ಗೋಡೆಗೆ ಊರಿ, ಕತ್ತನ್ನು ರಬ್ಬರಿನಂತೆ ಎಳೆದು, ನಾಲಿಗೆಯಿಂದ ಮೊದಲ ಎಲೆಯನ್ನು ಆಗಲೇ ಮುಟ್ಟಿತ್ತು.

"ಏಯ್! ಎಂಟು ವರ್ಷದ ಕೆಲಸ ಕಣೇ ಅದು!" ಎಂದು ಎಲೆಯಣ್ಣ ಕಿರುಚಿದ.

ಮೇಕೆ ಆ ಎಲೆಯನ್ನು ಕಿತ್ತು, ಅಗಿಯುತ್ತ ಅವನನ್ನು ನೋಡಿತು. ಎರಡನೆಯ ಎಲೆಗೆ ತಿರುಗಿತು. ಹೊಡೆಯಲು ಕೋಲಿಲ್ಲ, ಎಳೆಯಲು ಹಗ್ಗವಿಲ್ಲ. ಎಲೆಯಣ್ಣನಿಗೆ ಮಿಂಚಿನಂತೆ ಬುದ್ಧಿ ಹೊಳೆಯಿತು. ಬುಟ್ಟಿಯಿಂದ ಹದಿನೆಂಟನೆಯ ಕುಂಡವನ್ನು ತೆಗೆದು ಮೇಕೆಯ ಮೂತಿಯ ಮುಂದೆ ಹಿಡಿದ, ಮೆಲ್ಲಗೆ ನೆಲಕ್ಕಿಟ್ಟ.

"ತಗೋ ತಾಯಿ. ಇದು ತಿನ್ನು. ಪೂರ್ತಿ ತಿನ್ನು."

ಮೇಕೆ ಗೋಡೆ ಬಿಟ್ಟು ಇಳಿಯಿತು. ಎಲೆ ತಿಂದಿತು, ಬಳ್ಳಿ ತಿಂದಿತು, ಎರಡು ಕರಿಯ ಕಾಯಿಯನ್ನೂ ಕಡಿಯದೆ ನುಂಗಿತು, ಬೇರನ್ನು ಎಳೆದುಕೊಂಡು ಮಣ್ಣು ಕೊಡವಿ ತಿಂದಿತು. ಕೊನೆಗೆ ಗಿಡದ ಗುರುತಿನ ಕಡ್ಡಿಯನ್ನು ಮೂಸಿ, ಅದರ ಮೇಲಿನ ಅಂಕೆಯನ್ನು ಓದಿಕೊಂಡಂತೆ ತಲೆಯಾಡಿಸಿತು. ಅಷ್ಟರಲ್ಲಿ ಎಲೆಯಣ್ಣ ಮೂರನೇ ಕುಂಡವನ್ನು ಎದೆಗವಚಿಕೊಂಡಾಗಿತ್ತು.

"ಏನ್ ಮಗಾ, ನನ್ ಮೇಕೆಗೆ ಊಟ ತಂದ್ಯಾ?" ಎಂದು ಒಳಗಿನಿಂದ ಅಜ್ಜಿ ಬಾಯಿ ತುಂಬ ನಕ್ಕಳು. "ನೂರು ವರ್ಷ ಬಾಳು."

ದಾರಿಯುದ್ದಕ್ಕೂ ಅವನಿಗೆ ತನ್ನ ಜಾಣತನದ ಬಗ್ಗೆ ತಾನೇ ಬೆರಗಾಗುತ್ತಿತ್ತು.

ಮೇಡಂ ಮೂರನೇ ಗಿಡದಿಂದ ಹೊಸ ಎಲೆಯೊಂದನ್ನು ತಾವೇ ಕತ್ತರಿಸಿಕೊಂಡರು. ಅರೆದು, ಸೋಸಿ, ಜೆಲ್ ಹರಿಸಿ ದೀಪಕ್ಕಿಡುವಷ್ಟರಲ್ಲಿ ಮೂರೂವರೆ. ಎಲೆಯಣ್ಣ ಕೂದಲು ಬಾಚಿಕೊಂಡು, ಸಮಿತಿಯವರೆದುರು ಕುಂಡವನ್ನು ಯಾವ ಕೈಯಲ್ಲಿ ಹಿಡಿದರೆ ಚೆಂದ ಎಂದು ಅಭ್ಯಾಸ ಮಾಡುತ್ತಿದ್ದ.

"ಇವರೇ," ಎಂದರು ಮೇಡಂ. ಧ್ವನಿ ಬಾವಿಯ ತಳದಿಂದ ಬಂದಂತಿತ್ತು. "ಇದರಲ್ಲಿ ಏನೂ ಇಲ್ಲ."

"ಅಂದ್ರೆ?"

"ಗೆರೆ ಇಲ್ಲ. ಇದು ಆ ಗಿಡ ಅಲ್ಲ. ಬೆಳಗಿನ ಜೆಲ್ ಎಲ್ಲಿ?"

ಅದು ಕಸದ ತಟ್ಟೆಯಲ್ಲಿತ್ತು. ಮೇಡಂ ಕೈಗವಸು ಹಾಕಿ ಎತ್ತಿದರು. ನಾಲ್ಕು ಮೂಲೆಯೂ ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಇತ್ತು.

"ಮೂಲೆ ಕತ್ತರಿಸಿದೀನಿ ಅಂದ್ರಲ್ಲ?"

"ಬ್ಲೇಡು... ಗುಮಾಸ್ತರ ಕಾಲು... ಒಂದು ದಿನ ತಾನೆ ಅಂತ..."

"ಜೆಲ್ ಕೈ ಜಾರಿತ್ತಾ?"

"ಜಾರಿತ್ತು. ಆದ್ರೆ ಹಿಡ್ಕೊಂಡೆ ಮೇಡಂ, ಒಡೀಲಿಲ್ಲ!"

ಮೇಡಂ ಕಣ್ಣು ಮುಚ್ಚಿದರು. "ಬೋರಲು ಮಲಗಿಸಿದೀರಿ. ಎರಡು ತುದೀಲೂ ಅಳತೆ ಗೆರೆ ಒಂದೇ ಥರ ಇರುತ್ತೆ, ಎಡ ಯಾವುದು ಬಲ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೇ ಮೂಲೆ ಕತ್ತರಿಸಿ ಅನ್ನೋದು. ಎಡದಿಂದ ಮೂರು ಅಂತ ಎಣಿಸಿದ್ವಿ. ಬಲದಿಂದ ಎಣಿಸಬೇಕಿತ್ತು." ಅವರು ಕಣ್ಣು ತೆರೆದರು, ಅಲ್ಲಿ ಇನ್ನೂ ಆಸೆ ಇತ್ತು. "ಹೋಗಲಿ, ಗಿಡ ಎಲ್ಲಿಗೂ ಹೋಗಿಲ್ಲವಲ್ಲ. ಹದಿನೆಂಟನೇ ಕುಂಡ ತನ್ನಿ."

ಎಲೆಯಣ್ಣ ಬೆರಳು ಮಡಚಿ ಎಣಿಸಿದ. "ಒಂಬತ್ತು ಟೈಲರಮ್ಮ. ಹದಿನಾಲ್ಕು ಪೋಸ್ಟ್‌ಮಾಸ್ಟರು, ರಸೀದಿ ಇದೆ. ಹದಿನೆಂಟು..." ಎಂದವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಅದೇ ಹೊತ್ತಿಗೆ ಗುಮಾಸ್ತರು ಎರಡೂ ಕಾಲಿನಲ್ಲಿ ಸಲೀಸಾಗಿ ನಡೆದು ಬಂದು, ಕಾಗದದಲ್ಲಿ ಸುತ್ತಿದ ಬ್ಲೇಡನ್ನು ಅವನ ಅಂಗಿಯ ಜೇಬಿಗೆ ಹಾಕಿದರು. "ಇನ್ನೊಬ್ಬರ ವಸ್ತು ಇಟ್ಕೊಳ್ಳೋನಲ್ಲಪ್ಪ ನಾನು."

ಅವರ ಬೆನ್ನಿಗೇ ಸಮಿತಿ ಬಂತು. ಸಮಿತಿಯ ಅಧ್ಯಕ್ಷರು ಜೀವಮಾನವೆಲ್ಲ ಕಾಳುಗಳ ನಡುವೆ ಕಳೆದು ಬಿಳಿಗಡ್ಡ ಬಿಟ್ಟ ಸಾತ್ವಿಕ ಮುದುಕರು. ನಡೆದದ್ದನ್ನೆಲ್ಲ ಕೇಳಿ ಅವರು ಬೈಯಲಿಲ್ಲ, ಗಡ್ಡ ನೀವಿಕೊಂಡರು.

"ಆ ಗಿಡದಲ್ಲಿ ಕಾಯಿ ಇತ್ತೇನಪ್ಪ?"

"ಎರಡಿತ್ತು ಸಾರ್."

"ಹಸುರೋ, ಕಪ್ಪೋ?"

"ಕಪ್ಪು."

"ಮೇಕೆ ಅಗಿದು ತಿಂತೋ?"

"ನುಂಗಿಬಿಡ್ತು ಸಾರ್. ಕಡೀಲೇ ಇಲ್ಲ."

"ಹಾಗಾದ್ರೆ ಇನ್ನೂ ಏನೂ ಕೆಟ್ಟಿಲ್ಲ," ಎಂದರು ಮುದುಕರು. "ಕಾಡುಗುಣ ಇರೋ ಬಲಿತ ಬೀಜಕ್ಕೆ ಸಿಪ್ಪೆ ಕಲ್ಲಿನ ಹಾಗೆ. ಮೇಕೆ ಹೊಟ್ಟೇಲಿ ಕರಗಲ್ಲ. ಒಂದು ಕಡೆಯಿಂದ ಹೋದದ್ದು ಇನ್ನೊಂದು ಕಡೆಯಿಂದ ಬರಲೇಬೇಕು. ಅದು ಸೃಷ್ಟಿಯ ನಿಯಮ. ಮೂರು ದಿನ ಕಾಯ್ತೀವಿ. ಒಂದು ಬೀಜ ತೋರಿಸು, ನಿನ್ನ ಕೆಲಸ ಖಾಯಂ. ಇಲ್ಲಾಂದ್ರೆ ಗೋದಾಮು."

ಐದು ಗಂಟೆಗೆ ಎಲೆಯಣ್ಣ ಜರಡಿ, ಚಿಮುಟ, ಬಕೆಟ್ಟು ಹಿಡಿದು ಅಜ್ಜಿಯ ಅಂಗಳದಲ್ಲಿದ್ದ. ಅಜ್ಜಿ ಮನೆಯಲ್ಲಿರಲಿಲ್ಲ. ಕಂದು ಮೇಕೆ ಗೂಟಕ್ಕೆ ಕಟ್ಟಿಸಿಕೊಂಡು, ಎರಡು ಉದ್ದನೆಯ ಕಿವಿಗಳನ್ನು ಬೀಸಣಿಗೆಯಂತೆ ಬೀಸುತ್ತ ನಿಂತಿತ್ತು. ಈ ಸಲ ಮಾತ್ರ ಅವನು ಯಾವ ತಪ್ಪನ್ನೂ ಮಾಡಲಿಲ್ಲ. ಮೊಟ್ಟಮೊದಲು ಒಂದು ಗುರುತಿನ ಚೀಟಿ ತೆಗೆದು, ನೀರಿಗೆ ಅಳಿಸದ ಹಾಗೆ ಪೆನ್ಸಿಲ್ಲಿನಿಂದ "೧೮" ಎಂದು ಬರೆದು ಮೇಕೆಯ ಕೊರಳಿಗೆ ಕಟ್ಟಿದ. ಆಮೇಲೆ ಅದರ ಹಿಂದೆ ಭಕ್ತಿಯಿಂದ ಕುಳಿತ.

ಸುದ್ದಿ ಕಾಲು ಗಂಟೆಯಲ್ಲಿ ಬೀದಿಗೆಲ್ಲ ಮುಟ್ಟಿತು. ಗೋಡೆಯಾಚೆ ಜನ ಸೇರಿದರು.

"ಬೆಲ್ಲ ತಿನ್ನಿಸಿ ಅಳಿಯಂದ್ರೇ, ಬೇಗ ಆಗುತ್ತೆ," ಎಂದರು ಅತ್ತೆ.

"ಬಂದದ್ದನ್ನೆಲ್ಲ ಹೊತ್ತು ಸಮೇತ ಬರೆದಿಡು. ಸಾಗಣೆಗೆ ಎಷ್ಟು ಸಮಯ ಹಿಡೀತು ಅಂತ ತಿಳಿಯುತ್ತೆ," ಎಂದರು ಪೋಸ್ಟ್‌ಮಾಸ್ಟರು.

"ಇನ್ಮೇಲೆ ಎಲೆಯಣ್ಣ ಅಲ್ಲ ಕಣ್ರೀ, ಹಿಕ್ಕೆಯಣ್ಣ!" ಎಂದಳು ಟೈಲರಮ್ಮ. ಸೂಜಿಗಳಿಲ್ಲದ ಅವಳ ಬಾಯಿ ಬಹಳ ಸ್ಪಷ್ಟವಾಗಿತ್ತು. ಹೆಂಡತಿ ಮಾತ್ರ ಮೊಣಕೈ ಕೆರೆದುಕೊಂಡು ಮನೆಗೆ ಹೋದಳು, ಸೊಳ್ಳೆ ಪರದೆಯನ್ನು ಬಿಚ್ಚಿಕೊಳ್ಳುವುದಕ್ಕೆ.

ಎಲೆಯಣ್ಣ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಕೆ ಹಾಕಿದ ಹಿಕ್ಕೆಯನ್ನೆಲ್ಲ ಆರಿಸಿ, ನೀರಲ್ಲಿ ನೆನೆಸಿ, ಜರಡಿ ಹಿಡಿದು, ಮುತ್ತು ಹುಡುಕುವವನ ತಾಳ್ಮೆಯಿಂದ ಒಂದೊಂದನ್ನೇ ಚಿಮುಟದಲ್ಲಿ ಒಡೆದು ನೋಡಿದ. ನೂರಾ ಹನ್ನೆರಡನೆಯದನ್ನು ಒಡೆಯುತ್ತಿದ್ದಾಗ ಅಜ್ಜಿ ಸೊಪ್ಪಿನ ಹೊರೆ ಹೊತ್ತು ಬಂದಳು.

"ಏನ್ ಮಗಾ ಇದು? ನನ್ ಮೇಕೆ ಹಿಂದೆ ಕೂತು ಏನ್ ತಪಸ್ಸು?"

"ಬೆಳಿಗ್ಗೆ ಇದು ನನ್ನ ಗಿಡ ತಿಂತಲ್ಲ ಅಜ್ಜಿ, ಅದರ ಬೀಜ ಬೇಕು."

"ಇದು ಎಲ್ಲಿ ತಿಂತು? ಇದನ್ನ ಬೆಳಿಗ್ಗೆ ಹಿತ್ತಿಲಲ್ಲಿ ಕಟ್ಟಿದ್ದೆ. ನಿನ್ ಗಿಡ ತಿಂದಿದ್ದು ಇದರ ಅವಳಿ. ಅದು ಮಧ್ಯಾಹ್ನವೇ ಹಿಂಡಿನ ಜೊತೆ ಗುಡ್ಡದಾಚೆ ಮೇಯೋಕೆ ಹೋಯ್ತು. ಇನ್ನೂರು ಮೇಕೆ ಹಿಂಡು. ಬರೋದು ನಾಲ್ಕು ದಿನಕ್ಕೆ."

ಎಲೆಯಣ್ಣನ ಕೈಯಿಂದ ಚಿಮುಟ ಬಕೆಟ್ಟಿಗೆ ಬಿತ್ತು. ಅವನು ಮೇಕೆಯ ಕೊರಳಿನ ಚೀಟಿಯನ್ನು ನೋಡಿದ. ಮೇಕೆ ಎರಡೂ ಕಿವಿ ಬೀಸಿತು.

"ಎರಡೂ ಒಂದೇ ಥರ ಇದ್ರೆ ನನಗೆ ಹೇಗೆ ಗೊತ್ತಾಗ್ಬೇಕು ಅಜ್ಜಿ?"

"ಅಯ್ಯೋ ಹುಚ್ಚಪ್ಪ," ಎಂದಳು ಅಜ್ಜಿ, ಹೊರೆ ಇಳಿಸಿ ಸೊಂಟ ನೇರ ಮಾಡಿಕೊಳ್ಳುತ್ತ. "ಒಂದೇ ಥರ ಇವೆ ಅಂತಾನೇ ಹುಟ್ಟಿದ ದಿನವೇ ಅದರ ಕಿವಿ ಮೂಲೆ ಕತ್ತರಿಸಿದೀನಿ. ಇದು ಯಾವುದು ಅದು ಯಾವುದು ಅಂತ ತಿಳಿಯೋದಿಲ್ಲ ಅನ್ನೋ ಕಡೆ ಒಂದು ಮೂಲೆ ಕತ್ತರಿಸಿಡಬೇಕು ಮಗಾ. ಅಷ್ಟು ದೊಡ್ಡ ಕಚೇರೀಲಿ ನಿಮಗೆ ಇದನ್ನ ಯಾರೂ ಹೇಳಿಕೊಡಲಿಲ್ವಾ?"

ಎಲೆಯಣ್ಣ ಜರಡಿಯನ್ನು ಕೆಳಗಿಟ್ಟ. ಅಂಗಿಯ ಜೇಬಿನಲ್ಲಿ, ಕಾಗದದ ಸುರುಳಿಯೊಳಗೆ, ಬ್ಲೇಡು ಎದೆಗೆ ತಣ್ಣಗೆ ತಾಗುತ್ತಿತ್ತು.